ಎತ್ತು ಯಾರ ಹೆಸರಿಗೆ

ಸೇವಾಸಂಸ್ಥೆಗಳ ಕಚೇರಿಗೆ ಹೊಸದಾಗಿ ಸೇರಿದವರು ಆಗಾಗ ನನಗೆ ಫೋನ್ ಮಾಡುತ್ತಾರೆ. ಬಹುತೇಕ ಎಲ್ಲರೂ ಕೇಳುವುದು ಒಂದೇ: ದಾನಿಗಳ ವಿವರ ಇಟ್ಟುಕೊಳ್ಳಲು ಯಾವ ಸಾಫ್ಟ್‌ವೇರ್ ಒಳ್ಳೆಯದು? ನಾನು ಕಂಪನಿಯ ಹೆಸರು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ, ಇವತ್ತು ಚೆನ್ನಾಗಿರುವುದು ಮುಂದಿನ ವರ್ಷ ಬೇರೆ ರೂಪದಲ್ಲಿರುತ್ತದೆ. ನಾವು ಚಳ್ಳಕೆರೆಯಲ್ಲಿ ಹೇಗೆ ಆರಿಸಿದೆವು, ಆರಿಸಿದ ಮೇಲೆ ಏನಾಯಿತು ಎಂಬುದನ್ನು ಮಾತ್ರ ಹೇಳಬಲ್ಲೆ. ಅದನ್ನು ಫೋನಿನಲ್ಲಿ ಹೇಳಲು ಹೋದಾಗಲೆಲ್ಲ ನಡುವೆ ನನ್ನ ಮಾತು ನಿಂತುಹೋಗುತ್ತದೆ. ಆದ್ದರಿಂದ ಬರೆಯುತ್ತಿದ್ದೇನೆ. ಕಣ್ಣಾರೆ ಕಂಡದ್ದನ್ನು ಕಂಡೆ ಎಂದೂ, ಇನ್ನೊಬ್ಬರಿಂದ ಕೇಳಿದ್ದನ್ನು ಕೇಳಿದೆ ಎಂದೂ ಬೇರೆಬೇರೆಯಾಗಿ ಬರೆಯುತ್ತೇನೆ.

ನಮ್ಮದು ಸಣ್ಣ ಸಂಸ್ಥೆ. ಮಾರುಕಟ್ಟೆಯ ರಸ್ತೆಯಲ್ಲಿ ಹಿಂಡಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕಚೇರಿ. ಕೆಳಗಿನಿಂದ ಶೇಂಗಾ ಹಿಂಡಿಯ ವಾಸನೆ ದಿನವಿಡೀ ಬರುತ್ತಿತ್ತು, ಮನೆಗೆ ಹೋದರೂ ಸೀರೆಯಲ್ಲಿ ಉಳಿಯುತ್ತಿತ್ತು. ಸಂಸ್ಥೆಯ ಕೆಲಸ ಬೇಸಿಗೆಯಲ್ಲಿ ದೇವರ ಎತ್ತುಗಳಿಗೆ ಮೇವು ಒದಗಿಸುವುದು. ಈ ಕಡೆಯವರಲ್ಲದವರಿಗೆ ಒಂದು ಮಾತು ಹೇಳಬೇಕು. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯಲ್ಲಿ ಕೆಲವು ಕುಲದವರು ದೇವರಿಗೆ ಬಿಟ್ಟ ದನಗಳ ಹಿಂಡನ್ನು ತಲೆತಲಾಂತರದಿಂದ ಸಾಕುತ್ತಾರೆ. ಅವನ್ನು ನೇಗಿಲಿಗೆ ಹೂಡುವುದಿಲ್ಲ, ಮಾರುವುದಿಲ್ಲ. ಸತ್ತರೆ ಮನುಷ್ಯರಿಗೆ ಮಾಡಿದಂತೆ ಮಣ್ಣು ಮಾಡುತ್ತಾರೆ. ಹಿಂಡು ಕಾಯುವವನನ್ನು ಕಿಲಾರಿ ಎನ್ನುತ್ತಾರೆ, ದನ ಕೂಡುವ ಮುಳ್ಳುಬೇಲಿಯ ದೊಡ್ಡಿಯನ್ನು ರೊಪ್ಪ ಎನ್ನುತ್ತಾರೆ. ಈ ಹಿಂಡುಗಳು ಮೇಯುತ್ತಿದ್ದ ವರವು ಕಾವಲೆಂಬ ಹುಲ್ಲುಗಾವಲಿನ ಸುತ್ತ ಗೋಡೆ ಬಂದ ಮೇಲೆ ಬೇಸಿಗೆಯಲ್ಲಿ ಮೇಯುವ ಜಾಗ ಕಡಿಮೆಯಾಯಿತು. ನಮ್ಮ ಸಂಸ್ಥೆ ಹುಟ್ಟಿದ್ದು ಆಮೇಲೆ.

ಅಧ್ಯಕ್ಷರು ಮಲ್ಲಿಕಾರ್ಜುನಪ್ಪ. ಶೇಂಗಾ ವ್ಯಾಪಾರದ ಮನೆತನ, ಸ್ವಂತ ಹೊಲವೂ ಇತ್ತು. ಧ್ವನಿ ದೊಡ್ಡದು, ಕೈಯೂ ದೊಡ್ಡದು. ಸಿಟ್ಟು ಬಂದರೆ ಮಹಡಿ ಮೆಟ್ಟಿಲು ಇಳಿಯುವಷ್ಟರಲ್ಲಿ ಹೋಗುತ್ತಿತ್ತು. ಕಚೇರಿಯ ಕೆಲಸವೆಲ್ಲ ನನ್ನದು. ನಾನು ಮೊದಲು ಎಣ್ಣೆ ಮಿಲ್ಲಿನಲ್ಲಿ ಬಿಲ್ಲು ಬರೆಯುತ್ತಿದ್ದೆ. ಸಂಸ್ಥೆಗೆ ಬಂದ ಮೇಲೆ ರಸೀದಿ ಪುಸ್ತಕ, ಒಂದು ಫೋನು, ಟ್ರ್ಯಾಕ್ಟರ್ ಡ್ರೈವರುಗಳ ನಂಬರು, ಇಷ್ಟೇ ನನ್ನ ಸಲಕರಣೆ. ಯಾರು ಎಷ್ಟು ಮೇವು ಕೊಟ್ಟರು, ಅದು ಯಾವ ರೊಪ್ಪಕ್ಕೆ ಹೋಯಿತು ಎಂಬುದು ತಲೆಯಲ್ಲೇ ಇರುತ್ತಿತ್ತು. ಊರಿನ ದಾನಿಗಳು ಇರುವವರೆಗೆ ಅದು ಸಾಕಾಗಿತ್ತು. ಬೆಂಗಳೂರು, ತುಮಕೂರಿನವರು ಹಣ ಕಳಿಸಲು ಶುರುಮಾಡಿದ ಮೇಲೆ ಸಾಕಾಗಲಿಲ್ಲ.

ಮೊದಲ ಸಾಫ್ಟ್‌ವೇರು ಪುಕ್ಕಟೆ ಸಿಕ್ಕಿತು. ಪುಕ್ಕಟೆ ಎಂಬ ಕಾರಣಕ್ಕೇ ಆರಿಸಿದೆವು. ಅದರಲ್ಲಿ ದಾನಿಯ ಹೆಸರು ಬರೆದು ಮೊತ್ತ ತುಂಬದಿದ್ದರೆ ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲ. ನಮ್ಮ ಅರ್ಧ ದಾನಿಗಳು ಕೊಡುವುದು ಶೇಂಗಾ ಹೊಟ್ಟು, ಹಿಂಡಿ, ಜೋಳದ ಸಪ್ಪೆ. ಅದಕ್ಕೆ ಜಾಗವಿರಲಿಲ್ಲ. ಹೊಟ್ಟಿಗೆ ಬೆಲೆ ಕಟ್ಟುವುದು ಬೇಡ, ಒಂದು ರೂಪಾಯಿ ಎಂದು ಹಾಕಿ ಮುಂದೆ ಹೋಗಿ ಎಂದರು ಅಧ್ಯಕ್ಷರು. ಹಾಗೇ ಹಾಕಿದೆ.

ಮರುದಿನ ದೊಡ್ಡಉಳ್ಳಾರ್ತಿಯ ಓಬಣ್ಣನ ಫೋನು ಬಂತು. ಹಿಂದಿನ ದಿನ ತನ್ನದೇ ಟ್ರ್ಯಾಕ್ಟರಿನಲ್ಲಿ, ತಾನೇ ಹೇರಿ, ಹೊಟ್ಟು ತಂದು ಹಾಕಿ ಹೋದ ಮನುಷ್ಯ.

“ಏನಮ್ಮ, ಒಂದು ರೂಪಾಯಿ ಕೊಟ್ಟಿದ್ದಕ್ಕೆ ಉಪಕಾರ ಅಂತ ಮೆಸೇಜು ಬಂದೈತೆ. ನಮ್ಮ ಹುಡುಗ್ರು ಓದಿ ಓದಿ ನಗ್ತಾ ಅವ್ರೆ. ಚಿಲ್ಲರೆ ವಾಪಸ್ ಏನಾದ್ರೂ ಕೊಡಾದು ಐತಾ ನೀವು?”

ಕಂಪ್ಯೂಟರಿನ ತೊಂದರೆ ಎಂದೆ.

“ಕಂಪ್ಯೂಟ್ರಿಗೆ ಒಂದು ಹೊರೆ ಹೊಟ್ಟು ಹಾಕ್ರಿ ಮೊದಲು. ತಿಂದ್ ನೋಡ್ಲಿ,” ಎಂದು ಫೋನಿಟ್ಟ. ಓಬಣ್ಣ ನಗಾಡಿದ. ಅದೇ ದಿನ ಅದೇ ಮೆಸೇಜು ಹೋಗಿದ್ದ ಇನ್ನೊಬ್ಬರು ನಗಲಿಲ್ಲ. ಅವರ ಹೊಲದ ಹೊಟ್ಟು ಆಮೇಲೆ ನಮಗೆ ಬರಲಿಲ್ಲ.

ಇದರಿಂದ ನಾನು ಕಲಿತದ್ದನ್ನು ಈಗಲೂ ಹೇಳುತ್ತೇನೆ. ಸಾಫ್ಟ್‌ವೇರು ತೋರಿಸಲು ಬಂದವರ ಮುಂದೆ ನಿಮ್ಮ ಊರಿನ ಅತಿ ವಿಚಿತ್ರವಾದ ದಾನವನ್ನು ಇಡಿ. ಸುಲಭದ್ದನ್ನು ಎಲ್ಲವೂ ತುಂಬಿಕೊಳ್ಳುತ್ತವೆ.

ಎರಡನೆಯ ಸಲ ಎಚ್ಚರದಿಂದ ಆರಿಸಿದೆವು. ಕಂಪನಿಯಿಂದ ಕಿರಣ್ ಎಂಬ ಯುವಕ ಬಂದ. ಮರ್ಯಾದೆಯ ಮಾತು, ಕೇಳಿದ್ದಕ್ಕೆಲ್ಲ ಉತ್ತರ. ಟ್ರ್ಯಾಕ್ಟರ್ ಹೊಟ್ಟು ತುಂಬಿ ತೋರಿಸು ಎಂದೆ, ತುಂಬಿ ತೋರಿಸಿದ. ಅಳತೆಯ ಜಾಗದಲ್ಲಿ ಟ್ರ್ಯಾಕ್ಟರ್, ಗಾಡಿ, ಹೊರೆ ಎಂದು ನಮ್ಮ ಮಾತುಗಳನ್ನೇ ಸೇರಿಸಿಕೊಟ್ಟ. ನನಗೆ ಅಷ್ಟು ಸಾಕಾಗಿತ್ತು. ಆಗ ಅವನು ಇನ್ನೊಂದು ಪುಟ ತೆರೆದ. ಅದರಲ್ಲಿ ಎಡಗಡೆ ಒಂದು ಎತ್ತಿನ ಚಿತ್ರ, ಬಲಗಡೆ ದಾನಿಯ ಹೆಸರು.

“ಇದು ದತ್ತು ಯೋಜನೆ ಸರ್. ಒಬ್ಬ ದಾನಿಗೆ ಒಂದು ಪ್ರಾಣಿ. ತಿಂಗಳಿಗೊಂದು ಸಲ ಆ ಪ್ರಾಣಿಯೇ ಬರೆದ ಹಾಗೆ ಮೆಸೇಜ್ ಹೋಗತ್ತೆ. ಜನ ಬಿಡೋದೇ ಇಲ್ಲ ಸರ್, ವರ್ಷಾನುಗಟ್ಟಲೆ ಕೊಡ್ತಾರೆ.”

ಅಧ್ಯಕ್ಷರು ಕುರ್ಚಿ ಮುಂದಕ್ಕೆ ಎಳೆದುಕೊಂಡರು. “ಎತ್ತೇ ಮಾತಾಡ್ತದಾ! ನೋಡ್ರಿ ಗಿರಿಜಮ್ಮ, ನಾವು ಮಾತಾಡಿದ್ರೆ ಯಾರು ಕೊಡ್ತಾರೆ?”

ಅವರ ಲೆಕ್ಕಾಚಾರದಲ್ಲಿ ತಪ್ಪಿರಲಿಲ್ಲ. ಬೇಸಿಗೆಯ ಕೊನೆಯ ಭಾಗದಲ್ಲಿ ಊರಿನ ಹೊಟ್ಟು ಮುಗಿದಿರುತ್ತದೆ. ಆಗ ದುಡ್ಡು ಕೊಟ್ಟು ಮೇವು ತರಿಸಬೇಕು, ಅದಕ್ಕೆ ಹೊರಗಿನ ದಾನಿಗಳೇ ಬೇಕು. ಆರಿಸಿದೆವು. ಕಚೇರಿಯ ಫೋನನ್ನೂ ಅದೇ ಸಾಫ್ಟ್‌ವೇರಿಗೆ ಜೋಡಿಸಿದರು. ಯಾರೇ ಕರೆ ಮಾಡಿದರೂ ಮೊದಲು ಯಂತ್ರದ ಒಂದು ಹೆಣ್ಣುದನಿ ಮಾತಾಡುತ್ತಿತ್ತು. ನನ್ನ ಮೇಜಿನ ಫೋನು ಹೊಡೆದುಕೊಳ್ಳುವುದು ನಿಂತಿತು. ಒಂದು ವಾರ ಆರಾಮವೆನಿಸಿತು ಎಂದು ನೆನಪು.

ಎತ್ತುಗಳ ಚಿತ್ರ ತೆಗೆಯಲು ಮೊಳಕಾಲ್ಮುರು ಕಡೆ, ಗುಡ್ಡದ ಬುಡದಲ್ಲಿದ್ದ ರೊಪ್ಪಕ್ಕೆ ಹೋದೆವು. ಅಲ್ಲಿನ ಕಿಲಾರಿ ಪಾಲಯ್ಯ. ಆ ರೊಪ್ಪದೊಳಗೆ ಹೆಂಗಸರು ಕಾಲಿಡುವ ಪದ್ಧತಿ ಇರಲಿಲ್ಲ. ನಾನು ಬೇಲಿಯ ಹೊರಗೆ, ಚಪ್ಪಲಿ ಬಿಟ್ಟು ನಿಲ್ಲುತ್ತಿದ್ದೆ. ಬೇಲಿ ಎದೆಯೆತ್ತರ, ಒಳಗಿನದೆಲ್ಲ ಕಾಣುತ್ತಿತ್ತು.

ಪಾಲಯ್ಯ ಸುಲಭದ ಮನುಷ್ಯನಲ್ಲ. ಮೇವು ತಡವಾದರೆ ಬೈಯುತ್ತಿದ್ದ, ಬೇಗ ಬಂದರೆ ಒದ್ದೆ ಎಂದು ಬೈಯುತ್ತಿದ್ದ. ಮನುಷ್ಯರೊಂದಿಗೆ ಕನ್ನಡ, ದನಗಳೊಂದಿಗೆ ತೆಲುಗು. ಅಧ್ಯಕ್ಷರು ಯೋಜನೆ ವಿವರಿಸಿದರು. ಎತ್ತು ತಿಂಗಳಿಗೊಮ್ಮೆ ಮೆಸೇಜು ಬರೆಯುತ್ತದೆ ಎಂದಾಗ ಪಾಲಯ್ಯ ಬೀಡಿ ಕೆಳಗಿಳಿಸಿದ.

“ಯಾವ ಭಾಷೇಲಿ?”

“ಕನ್ನಡ, ಇಂಗ್ಲಿಷು.”

“ಅದಕ್ಕೆ ತೆಲುಗು ಬಿಟ್ರೆ ಒಂದಕ್ಷರ ತಿಳಿಯಾಕಿಲ್ಲ ಸಾವ್ಕಾರ್ರೆ.”

ಅಧ್ಯಕ್ಷರು ಹೊಟ್ಟೆ ಹಿಡಿದು ನಕ್ಕರು. ಪಾಲಯ್ಯ ನಗಲಿಲ್ಲ. ದೇವರ ದನವನ್ನು ಇನ್ನೊಬ್ಬರ ಹೆಸರಿಗೆ ಹೇಗೆ ಬರೆಯುತ್ತೀರಿ ಎಂದು ಕೇಳಿದ. ಸುಮ್ಮನೆ ಕಂಪ್ಯೂಟರಿನಲ್ಲಿ, ಗುರುತಿಗೆ ಎಂದರು ಇವರು. ಪಾಲಯ್ಯ ದನಗಳ ಕಡೆ ತಿರುಗಿದ. ಆಮೇಲೆ ಅವನು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ:

“ಬರ್ಕಳ್ರಿ. ಮೇವು ಬರ್ಬೇಕು, ಬ್ಯಾಡ ಅನ್ನಾಕೆ ನಾನ್ಯಾರು. ಆದ್ರೆ ಯಾರ ಹೆಸ್ರಿಗೆ ಬರೀತೀರೋ ಅವ್ರದ್ದೇ ಆಗ್ತೈತೆ. ಒಳ್ಳೇದಕ್ಕೂ ಅವ್ರೆ, ಕೆಟ್ಟದ್ದಕ್ಕೂ ಅವ್ರೆ.”

ಅಧ್ಯಕ್ಷರು ಅದನ್ನು ಒಪ್ಪಿಗೆ ಎಂದುಕೊಂಡರು. ಒಪ್ಪಿಗೆಯೇ ಆಗಿತ್ತು. ಅದರ ಜೊತೆಗೆ ಒಂದು ಷರತ್ತೂ ಇತ್ತು ಎಂದು ಅಲ್ಲಿದ್ದ ನಮಗೆ ಯಾರಿಗೂ ಹೊಳೆಯಲಿಲ್ಲ. ಎತ್ತುಗಳಿಗೆ ಹೆಸರಿಟ್ಟವರು ಅಧ್ಯಕ್ಷರು. ಕೊಂಬು ಒಳಕ್ಕೆ ಬಾಗಿದ್ದ ಮುದಿ ಬಿಳಿ ಎತ್ತಿಗೆ ಧವಳ ಎಂದರು. ಪಾಲಯ್ಯ ಅದನ್ನು ಪೆದ್ದೋಡು ಎನ್ನುತ್ತಿದ್ದ. ತೆಲುಗಿನಲ್ಲಿ ಹಿರಿಯ ಎಂದರ್ಥ. ಧವಳನನ್ನು ತುಮಕೂರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದ ರಮೇಶ್ ಎಂಬವರ ಹೆಸರಿಗೆ ಬರೆದೆವು.

ಆ ಬೇಸಿಗೆ ಮೇವಿಗೆ ತೊಂದರೆಯಾಗಲಿಲ್ಲ. ಇದನ್ನು ಬಿಟ್ಟು ಮುಂದಿನದನ್ನು ಬರೆದರೆ ಅಧ್ಯಕ್ಷರಿಗೆ ಅನ್ಯಾಯ. ಕಿರಣ್ ಹೇಳಿದಂತೆ ಜನ ಕೊಟ್ಟರು. ಧವಳ ತಿಂಗಳಿಗೊಮ್ಮೆ ತುಮಕೂರಿಗೆ ಬರೆಯುತ್ತಿದ್ದ: ನಾನು ಆರೋಗ್ಯವಾಗಿದ್ದೇನೆ, ನೀವು ಕಳಿಸಿದ ಮೇವು ರುಚಿಯಾಗಿದೆ. ರಮೇಶ್ ಅದಕ್ಕೆ ಉತ್ತರ ಬರೆಯುತ್ತಿದ್ದರು. ಆ ಉತ್ತರಗಳನ್ನು ಓದುವವಳು ನಾನು. ಹುಷಾರು ಮಾರಾಯ, ಬಿಸಿಲಲ್ಲಿ ಓಡಾಡಬೇಡ ಎಂದು ಒಮ್ಮೆ ಬರೆದಿದ್ದರು.

ಮುಂದಿನ ವರ್ಷ ಬಿಸಿಲು ಏರತೊಡಗಿದಾಗ ರಮೇಶ್ ರಸೀದಿಯ ವಿಚಾರಕ್ಕೆ ಇಸಿದುಕೊಂಡಿದ್ದ ನನ್ನ ಸ್ವಂತ ನಂಬರಿಗೆ ಕರೆ ಮಾಡಿದರು. ಹೊಸ ಮನೆ ಕಟ್ಟಿಸಿದ್ದೇವೆ, ಮುಂದಿನ ವಾರ ಗೃಹಪ್ರವೇಶ, ಅದಕ್ಕೆ ಮೊದಲು ಹೆಂಡತಿಯೊಂದಿಗೆ ಬಂದು ಧವಳನಿಗೆ ಕೈಯಾರೆ ಬಾಳೆಹಣ್ಣು ತಿನ್ನಿಸಿ ಹೋಗುತ್ತೇವೆ ಎಂದರು. ಅಧ್ಯಕ್ಷರಿಗೆ ಖುಷಿಯಾಯಿತು. ಮೇವು ಹಾಕಿ ಬಂದಿದ್ದ ಡ್ರೈವರು ಅದೇ ದಿನಗಳಲ್ಲಿ ಒಂದು ಮಾತು ಹೇಳಿದ್ದ: ಪಾಲಯ್ಯ ಹೊಟ್ಟನ್ನು ರೊಪ್ಪದೊಳಗೆ ಬಿಡಲಿಲ್ಲ, ದೂರದಲ್ಲಿ ಇಳಿಸು ಎಂದ. ಅವನ ಎಂದಿನ ತಕರಾರು ಎಂದು ನಾವು ಅಷ್ಟಕ್ಕೇ ಬಿಟ್ಟಿದ್ದೆವು.

ರಮೇಶರ ಕಾರು ಮುಂದೆ, ಅಧ್ಯಕ್ಷರ ಜೀಪು ಹಿಂದೆ. ರೊಪ್ಪದ ಬಳಿ ಇಳಿದಾಗ ಮೊದಲು ಕಂಡದ್ದು ಹೊಟ್ಟಿನ ಬಣವೆ. ನಾವು ಕಳಿಸಿದ್ದು ಕಳಿಸಿದ ಹಾಗೇ ಇತ್ತು, ಗಾಳಿಗೆ ಒಂದು ಪಕ್ಕ ಹಾರಿಹೋಗಿತ್ತು. ಆಮೇಲೆ ದನಗಳು ಕಂಡವು. ಬೇಲಿಯಾಚೆ ನಿಂತಿದ್ದವುಗಳ ಪಕ್ಕೆಲುಬು ನಾನು ನಿಂತಲ್ಲಿಂದಲೇ ಕಾಣುತ್ತಿದ್ದವು. ಪಾಲಯ್ಯ ರೊಪ್ಪದ ಹೊರಗೆ ಜಾಲಿ ಮರದ ಕೆಳಗೆ ಕೂತಿದ್ದ. ಗಡ್ಡ ಬೆಳೆದಿತ್ತು. ಅವನನ್ನು ಗಡ್ಡದಲ್ಲಿ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಧ್ಯಕ್ಷರು ಅವನ ಹತ್ತಿರ ಹೋದರು. ನಾನು ಅವರ ಹಿಂದೆಯೇ ಇದ್ದೆ. ರಮೇಶ್ ಮತ್ತು ಅವರ ಹೆಂಡತಿ ಸುಧಾ ಕಾರಿನಿಂದ ಬಾಳೆಗೊನೆ ಇಳಿಸುತ್ತಿದ್ದರು.

“ಲೇ ಪಾಲಯ್ಯ, ಧವಳ ಎಲ್ಲೋ?”

“ಪೆದ್ದೋಡು ಹೋತು ಸಾವ್ಕಾರ್ರೆ.”

“ಹೋತು ಅಂದ್ರೆ? ಯಾವಾಗ?”

“ಆಗ್ಲೇ. ಅಮಾಸೆಗಿಂತ ಮುಂಚೆ.”

ಅಮಾವಾಸ್ಯೆ ಕಳೆದು ಹುಣ್ಣಿಮೆಯೂ ಬಂದಿತ್ತು. ಆ ವಾರವೇ ಧವಳ ತುಮಕೂರಿಗೆ ಮೆಸೇಜು ಬರೆದಿದ್ದ. ಅಧ್ಯಕ್ಷರು ಹಿಂದಕ್ಕೆ ತಿರುಗಿ ನೋಡಿ ದನಿ ತಗ್ಗಿಸಿದರು.

“ಅದ್ರಂಗೇ ಇನ್ನೊಂದು ಬಿಳೀದು ತೋರ್ಸೋ ಮಾರಾಯ. ಅವ್ರಿಗೇನು ಗೊತ್ತಾಗ್ತೈತೆ?”

“ಅವ್ರಿಗೆ ಗೊತ್ತಾಗಲ್ಲ. ಇನ್ನೊಂದಕ್ಕೆ ಗೊತ್ತಾಗ್ತೈತಲ್ಲ.”

“ಫೋನ್ ಮಾಡಾಕೆ ಏನಾಗಿತ್ತೋ ನಿಂಗೆ?”

ಪಾಲಯ್ಯ ಅಧ್ಯಕ್ಷರನ್ನು ಬಿಟ್ಟು ನನ್ನ ಕಡೆ ನೋಡಿದ. “ಮಾಡಿದ್ದೆ ಅಕ್ಕಾರೆ. ನೀವು ಎತ್ಲಿಲ್ಲ. ಯಾವಳೋ ಎತ್ತಿದ್ಲು. ದಾನ ಕೊಡಾಕೆ ಒಂದು ಒತ್ರಿ, ಎತ್ತಿನ ಸಮಾಚಾರಕ್ಕೆ ಎರಡು ಒತ್ರಿ ಅಂದ್ಲು. ಎರಡು ಒತ್ತಿದೆ. ಎಲ್ಲಾ ಎತ್ತುಗಳೂ ಆರೋಗ್ಯವಾಗಿವೆ ಅಂದ್ಲು. ಮಣ್ಣು ಮಾಡಿ ಇನ್ನಾ ಕೈ ತೊಳ್ದಿರ್ಲಿಲ್ಲ ನಾನು.”

 

ಡ್ರೈವರ್ ಕೈಯಲ್ಲಿ ಹೇಳಿ ಕಳಿಸಬಹುದಿತ್ತಲ್ಲ ಎಂದು ಅಧ್ಯಕ್ಷರು ಕೇಳಿದರು. ಸಾವಿನ ಸುದ್ದಿಯನ್ನು ಹೊಟ್ಟಿನ ಗಾಡಿಯಲ್ಲಿ ಹೇರಿ ಕಳಿಸುತ್ತಾರಾ ಎಂದ ಪಾಲಯ್ಯ. ಕಳಿಸಬಹುದಿತ್ತು ಎಂದೇ ನನ್ನ ಅಭಿಪ್ರಾಯ. ಅವನ ಹಟವೂ ಇದರಲ್ಲಿ ಸೇರಿತ್ತು, ಅದನ್ನು ಮರೆಮಾಚುವುದಿಲ್ಲ.

ಅಷ್ಟರಲ್ಲಿ ರಮೇಶ್ ಗೊನೆ ಹಿಡಿದು ಬಂದರು. ಪಾಲಯ್ಯ ಎದ್ದು ನಿಂತು ಹೆಗಲ ಟವೆಲು ತೆಗೆದು ಕೈಗೆ ಸುತ್ತಿಕೊಂಡ.

“ಸಾಮಿ, ನಿಮ್ಮ ಎತ್ತು ತೀರ್ಕಂತು. ವಯಸ್ಸಾಗಿತ್ತು. ನರಳಲಿಲ್ಲ. ನಾನು ಪಕ್ಕದಾಗೇ ಇದ್ದೆ.”

ರಮೇಶ್ ಬಾಳೆಗೊನೆ ಹಿಡಿದೇ ನಿಂತರು. ಸುಧಾ ಅಧ್ಯಕ್ಷರ ಮುಖ ನೋಡಿದರು. “ಮೊನ್ನೆ ಮೆಸೇಜ್ ಬಂತಲ್ಲ?” ಎಂದರು. 

ಪಾಲಯ್ಯ ಮುಂದುವರಿಸಿದ. ಅವನ ಮಾತಿನಲ್ಲಿ ಆಪಾದನೆ ಇರಲಿಲ್ಲ, ಕೆಲಸ ಒಪ್ಪಿಸುವವನ ದನಿ ಇತ್ತು. ಅವನು ಹೇಳಿದ್ದು ಇಷ್ಟು: ದೇವರ ದನ ದೇವರದ್ದಾಗಿದ್ದರೆ ಕಿಲಾರಿಯೇ ಮಣ್ಣು ಹಾಕಿ, ತಲೆ ಬೋಳಿಸಿ, ಸೂತಕ ಕಳೆದುಕೊಳ್ಳುತ್ತಾನೆ. ಇದು ನಿಮ್ಮ ಹೆಸರಿಗೆ ಆಗಿತ್ತು. ಹೆಸರಿನವರು ಕೊನೆಯ ಮಣ್ಣು ಹಾಕುವ ತನಕ ನನ್ನ ಸೂತಕ ಹೋಗುವುದಿಲ್ಲ. ನಾನು ರೊಪ್ಪದ ಒಳಗೆ ಹೋಗುವ ಹಾಗಿಲ್ಲ. ಸೂತಕದ ರೊಪ್ಪಕ್ಕೆ ಹೊರಗಿನ ಮೇವು ಬರುವ ಹಾಗಿಲ್ಲ. ತಮ್ಮನ ಮಗ ಗುಡ್ಡಕ್ಕೆ ಹೊಡೆದುಕೊಂಡು ಹೋಗುತ್ತಾನೆ, ಗುಡ್ಡದಲ್ಲಿ ಏನಿದೆ?

ದನಗಳ ಪಕ್ಕೆಲುಬಿನ ಕಾರಣ ನನಗೆ ಆಗ ತಿಳಿಯಿತು. ಬಣವೆ ಅಲ್ಲೇ ಇತ್ತು. ನಡುವೆ ಇದ್ದದ್ದು ನಾನು ಕಚೇರಿಯಲ್ಲಿ ಕೂತು ತುಂಬಿದ್ದ ಒಂದು ಹೆಸರು.

“ಅಷ್ಟೇ ತಾನೆ? ಆ ಹೆಸ್ರು ಈಗ್ಲೇ ತೆಗೀತೀವಿ,” ಎಂದರು ಅಧ್ಯಕ್ಷರು. “ಗಿರಿಜಮ್ಮ, ಫೋನ್‌ನಾಗೇ ತೆಗ್ದು ಬಿಡ್ರಿ.”

“ಬ್ಯಾಡ,” ಎಂದ ಪಾಲಯ್ಯ. “ಸತ್ತ ಮ್ಯಾಲೆ ಹೆಸ್ರು ಕಿತ್ರೆ ಅದು ಅನಾಥ ಆಗ್ತೈತೆ.”

ಸುಧಾ ಗಂಡನ ತೋಳು ಹಿಡಿದರು. ಪಿಸುಮಾತೇ ಆದರೂ ನಾನು ಪಕ್ಕದಲ್ಲಿದ್ದುದರಿಂದ ಕೇಳಿಸಿತು. “ರೀ, ಸೂತಕ ಅಂತಿದ್ದಾರೆ. ಮುಂದಿನ ವಾರ ಗೃಹಪ್ರವೇಶ. ಕಾರ್ಡ್ ಎಲ್ಲ ಹಂಚಿ ಆಗಿದೆ. ಅತ್ತೆಗೆ ಏನು ಹೇಳ್ತೀರಾ?”

ರಮೇಶ್ ಪಾಲಯ್ಯನನ್ನು ಕೇಳಿದರು, “ನಾನು ಮಾಡದೇ ಹೋದರೆ?”

“ನಿಮ್ಗೆ ಏನೂ ಇಲ್ಲ ಸಾಮಿ. ನಂದು ಹಿಂಗೇ ನಡೀತೈತೆ. ಬಲವಂತ ಇಲ್ಲ.”

 ರೊಪ್ಪದೊಳಗೆ ಒಂದು ಹಸು ಬಾಳೆಹಣ್ಣಿನ ವಾಸನೆಗೆ ಬೇಲಿಯ ತನಕ ಬಂದು ಮೂಗು ಚಾಚಿತು. ರಮೇಶ್ ಅದನ್ನು ನೋಡಿದರು. ಗೊನೆಯನ್ನು ನನ್ನ ಕೈಗೆ ಕೊಟ್ಟರು.

“ಅಮ್ಮನಿಗೆ ನಾನು ಹೇಳ್ತೀನಿ,” ಎಂದರು ಹೆಂಡತಿಗೆ. “ಮನೆ ಎಲ್ಲಿಗೂ ಓಡಿಹೋಗಲ್ಲ. ಒಂದು ವರ್ಷದಿಂದ ಅದರ ಹತ್ತಿರ ಹುಷಾರು ಹುಷಾರು ಅಂತ ಹೇಳಿದೀನಿ, ಸುಧಾ.”

ರೊಪ್ಪದಿಂದ ಸ್ವಲ್ಪ ದೂರದಲ್ಲಿ, ಕಲ್ಲು ಸುತ್ತ ಜೋಡಿಸಿದ ಜಾಗ. ನಡುವೆ ಮಣ್ಣು ಪೂರ್ತಿ ಮುಚ್ಚಿರಲಿಲ್ಲ, ಪಾಲಯ್ಯ ಒಂದು ಕಡೆ ತಗ್ಗು ಬಿಟ್ಟಿದ್ದ. ಪಾಲಯ್ಯ ಹೇಳಿದಂತೆ ರಮೇಶ್ ಶರಟು ಬಿಚ್ಚಿದರು, ಬೊಗಸೆಯಲ್ಲಿ ಮಣ್ಣು ತೆಗೆದು ತಗ್ಗಿಗೆ ಹಾಕಿದರು. ಅಷ್ಟಕ್ಕೆ ಸಾಕು ಎಂದ ಪಾಲಯ್ಯ. ಅವರು ನಿಲ್ಲಿಸಲಿಲ್ಲ, ತಗ್ಗು ತುಂಬುವ ತನಕ ಹಾಕಿದರು. ಪಾಲಯ್ಯ ತೆಲುಗಿನಲ್ಲಿ ಏನೋ ಹೇಳಿದ. ನಮಗೆ ಹೇಳಿದ್ದಲ್ಲ ಅದು. ಆಮೇಲೆ ಅಧ್ಯಕ್ಷರು ಇಬ್ಬರ ತಲೆಗೂ ಕೊಡದಿಂದ ನೀರು ಹೊಯ್ದರು. ಸುಧಾ ಕಾರಿನ ಪಕ್ಕದಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು. ಅವರು ಅಳುತ್ತಿದ್ದರೋ ಸಿಟ್ಟಾಗಿದ್ದರೋ ನನಗೆ ತಿಳಿಯದು.

ಪಾಲಯ್ಯ ಒದ್ದೆ ಬಟ್ಟೆಯಲ್ಲೇ ಬಣವೆಗೆ ನಡೆದ. ಮೊದಲ ಹೊರೆ ತಾನೇ ಹೊತ್ತು ರೊಪ್ಪದ ಒಳಗೆ ಹೋದ. ಎರಡನೆಯ ಹೊರೆಯನ್ನು ಅಧ್ಯಕ್ಷರು, ಬಿಳಿ ಪಂಚೆಯಲ್ಲೇ, ಹೊತ್ತರು. ದನಗಳು ತಿನ್ನುವ ಸದ್ದು ಬೇಲಿಯ ಹೊರಗೆ ನನಗೆ ಕೇಳಿಸಿತು. ಗೊನೆ ಭಾರವೆಂದು ಕೆಳಗಿಟ್ಟೆ.

 ಜೀಪು ಚಳ್ಳಕೆರೆ ಹತ್ತಿರ ಬಂದಾಗ ಅಧ್ಯಕ್ಷರು, “ಆ ತುಮ್ಕೂರು ಮನುಷ್ಯ ಇನ್ ಕೊಡಲ್ಲ ಬಿಡ್ರಿ,” ಎಂದರು.

ಕಚೇರಿಗೆ ಬಂದು ಪಾಲಯ್ಯನ ಕರೆ ಏನಾಗಿತ್ತೆಂದು ಹುಡುಕಿದೆ. ಅವನ ನಂಬರು ಮುಂದೆ ದಾನ ಕೊಡಬಹುದಾದವರ ಗುಂಪಿನಲ್ಲಿ ಸೇರಿತ್ತು. ನಿಮ್ಮ ಆಸಕ್ತಿಗೆ ಧನ್ಯವಾದಗಳು, ಒಂದು ಎತ್ತನ್ನು ದತ್ತು ಪಡೆಯಿರಿ ಎಂದು ಅವನಿಗೂ ಮೆಸೇಜು ಹೋಗಿತ್ತು. ಕಿರಣ್‌ಗೆ ಫೋನ್ ಮಾಡಿ, ಎತ್ತು ಸತ್ತರೆ ನಿಮ್ಮ ಸಾಫ್ಟ್‌ವೇರು ಏನು ಮಾಡುತ್ತದೆ ಎಂದು ಕೇಳಿದೆ.

“ಚಿಂತೆ ಇಲ್ಲ ಮೇಡಂ. ಇಲ್ಲ ಅಂತ ಗುರುತು ಹಾಕಿದ್ರೆ ಸಾಕು, ದಾನಿಗೆ ತಾನಾಗೇ ಬೇರೆ ಎತ್ತು ಜೋಡಣೆ ಆಗತ್ತೆ. ಹೆಸರು ಕೂಡ ಅದೇ ಇಟ್ಕೋಬಹುದು. ದಾನಿಗೆ ಗೊತ್ತಾಗೋದೇ ಇಲ್ಲ.”

ಅವನು ಕೆಟ್ಟವನಲ್ಲ. ನಾನು ರೊಪ್ಪದಲ್ಲಿ ನಡೆದದ್ದನ್ನು ಹೇಳಿದೆ.  “ನಮ್ಮ ಬೇರೆ ಗಿರಾಕಿಗಳು ಯಾರೂ ಇದನ್ನ ಕೇಳಿಲ್ಲ ಮೇಡಂ,” ಎಂದ.

ರಮೇಶ್ ಮತ್ತೆ ಫೋನ್ ಮಾಡಿದ್ದು ಅವರ ಗೃಹಪ್ರವೇಶ ಮುಂದಕ್ಕೆ ಹೋಗಿ, ಕೊನೆಗೂ ನಡೆದ ಮೇಲೆ. ತಾಯಿ ಮೊದಲು ಬೈದರಂತೆ, ಆಮೇಲೆ ಎತ್ತಿನ ವಯಸ್ಸು ಕೇಳಿದರಂತೆ. “ನನಗೆ ಇನ್ನೊಂದು ಎತ್ತು ಬೇಡ ಮೇಡಂ. ಮೇವು ಕಳಿಸ್ತೀನಿ. ಇಷ್ಟು ಬಂತು ಅಂತ ಬರ್ಕೊಳ್ಳಿ, ಇಂಥದ್ದಕ್ಕೆ ಅಂತ ಬರೀಬೇಡಿ. ನಾನು ಇನ್ನೊಂದು ಸಲ ಮಣ್ಣು ಹಾಕಲಾರೆ.”

ದತ್ತು ಯೋಜನೆಯನ್ನು ನಿಲ್ಲಿಸಲು ಸಮಿತಿಯಲ್ಲಿ ಚರ್ಚೆಯಾಯಿತು. ಅಧ್ಯಕ್ಷರು ಮೊದಲು ವಿರೋಧಿಸಿದರು, ನಿಲ್ಲಿಸಿದರೆ ಬೇಸಿಗೆಯ ಕೊನೆಗೆ ಮೇವು ಮುಗಿಯುತ್ತದೆ ಎಂದರು. ನಿಲ್ಲಿಸಿದೆವು. ಅವರು ಹೇಳಿದಂತೆಯೇ ಆಯಿತು. ಎತ್ತಿನ ಮೆಸೇಜು ನಿಂತ ಮೇಲೆ ಹಲವರು ಕೊಡುವುದನ್ನು ನಿಲ್ಲಿಸಿದರು, ಮಳೆಗೆ ಮೊದಲೇ ಮೇವು ಮುಗಿಯಿತು. ಅಧ್ಯಕ್ಷರು ತಮ್ಮ ಹೊಲದ ಬಣವೆಯನ್ನು ಬುಡದ ತನಕ ಹೇರಿ ಕಳಿಸಿದರು. ಹೇರುವಾಗ ನನ್ನನ್ನು ನೋಡಿ, “ಹೇಳಿರ್ಲಿಲ್ವೇನ್ರಿ?” ಎಂದರು. ಹೇಳಿದ್ದರು. ಓಬಣ್ಣನೂ ಇನ್ನೊಂದು ಟ್ರ್ಯಾಕ್ಟರ್ ತಂದ, ಇದಕ್ಕೆ ಎರಡು ರೂಪಾಯಿ ಬರೀರಿ ಎಂದು ಹೇಳಿ ಹೋದ. ಹೊಸ 'ಸೌಲಭ್ಯ' ಬೇಡವೆಂದರೂ ಅದಕ್ಕೊಂದು ನಷ್ಟವಿದೆ ಎಂಬುದು ಹೊಸಬರಿಗೆ ಗೊತ್ತಿರಲಿ.

ಮೂರನೆಯ ಸಲ ಆರಿಸುವಾಗ ನಾನು ಸಮಿತಿಯ ಮುಂದೆ ಇಟ್ಟ ಪ್ರಶ್ನೆಗಳು ಕಡಿಮೆ. ಕರೆ ಮಾಡಿದವನಿಗೆ ಮನುಷ್ಯರ ದನಿ ಸಿಗುತ್ತದೆಯೇ? ನಾವು ಕಳಿಸದ ಮೆಸೇಜು ನಮ್ಮ ಹೆಸರಿನಲ್ಲಿ ಹೋಗದಂತೆ ತಡೆಯಬಹುದೇ? ಸಾವು ಬಂದಾಗ ಏನಾಗುತ್ತದೆ? ಬಂದ ಕಂಪನಿಗಳಲ್ಲಿ ಹೆಚ್ಚಿನವು ಮೂರನೆಯ ಪ್ರಶ್ನೆಗೆ ನಕ್ಕವು. ನಗದೆ ಬರೆದುಕೊಂಡು ಹೋದ ಒಂದನ್ನು ಆರಿಸಿದೆವು. ಅದರಲ್ಲಿ ಚಿತ್ರಗಳಿಲ್ಲ, ನಿಧಾನ ಬೇರೆ. ಹಿಂದಿನದರಿಂದ ಹೆಸರುಗಳನ್ನು ಹೊಸದಕ್ಕೆ ಸಾಗಿಸುವಾಗ ಧವಳನದು ಬಂತು. ರಮೇಶರ ಹೆಸರನ್ನು ಕೀಳದೆ ಹಾಗೇ ಸಾಗಿಸಿದೆ. ಪಾಲಯ್ಯ ಹೇಳಿದ್ದು ನೆನಪಿತ್ತು. ಉಳಿದ ಎತ್ತುಗಳ ಮುಂದಿನ ಹೆಸರುಗಳನ್ನು ಅವು ಬದುಕಿರುವಾಗಲೇ ತೆಗೆದೆ.

ನನ್ನ ಮೇಜಿನ ಫೋನು ಮತ್ತೆ ಹೊಡೆದುಕೊಳ್ಳತೊಡಗಿತು. ನಿವೃತ್ತಳಾದ ದಿನ ಅದನ್ನು ನನ್ನ ನಂತರ ಬಂದ ಹುಡುಗಿಗೆ ಒಪ್ಪಿಸಿದೆ, ಉಳಿದದ್ದೆಲ್ಲ ಆಮೇಲೆ ಕಲಿಯಬಹುದು ಎಂದೆ. ಆದರೆ ಪಾಲಯ್ಯ ಆ ನಂಬರಿಗೆ ಮಾಡುವುದಿಲ್ಲ. ಒಂದು ಸಲ ಮೋಸ ಮಾಡಿದ ಫೋನಿಗೆ ಮತ್ತೆ ಬೆರಳು ಇಡುವುದಿಲ್ಲವಂತೆ. ಆಮೇಲೆ ನಾನು ಕೊಟ್ಟ ನನ್ನ ಸ್ವಂತ ನಂಬರಿಗೇ ಮಾಡುತ್ತಾನೆ. ನಾನು ಕಚೇರಿಗೆ ತಿಳಿಸುತ್ತೇನೆ.

ಮೊನ್ನೆ ಬೆಳಿಗ್ಗೆ ಮಾಡಿದ್ದ.

“ಅಕ್ಕಾರೆ, ನೀವೇ ತಾನೆ?”

“ನಾನೇ ಪಾಲಯ್ಯ.”

“ಕರ ಹಾಕೈತೆ ಒಂದು. ಬಿಳೀದು. ಪೆದ್ದೋಡಿನ ಮುಖಾನೆ.” ಅದರ ಜೊತೆಗೇ, “ಯಾರ ಹೆಸ್ರಿಗೂ ಬರೀಬ್ಯಾಡ್ರಿ ಮತ್ತೆ,” ಎಂದ.

“ಇಲ್ಲಪ್ಪ, ಬರೆಯಲ್ಲ. ಮೇವು ಐತಾ?”

“ಐತೆ. ತುಮ್ಕೂರು ಸಾಮಿದು ಬಂದೈತೆ. ಒಳಗೇ ಇಳಿಸ್ಕಂಡಿದೀನಿ.”